ಅಂತರ್ಮುಖ ಕಾದಂಬರಿಯೂ ವಾಚಕರ ಮತಭೇದವೂ

1

ಕನ್ನಡ ಕಾದಂಬರಿಗಳ ವಾಚಕರಲ್ಲಿ ಬಹುಕಾಲದಿಂದ ನಡೆದುಬಂದಿರುವ ವಿವಾದವೊಂದುಂಟು. ಬಾಹ್ಯಘಟನೆಗಳು ವಿರಳವಾಗಿಯೂ ಪಾತ್ರಗಳ ಮನೋವ್ಯಾಪಾರವು ವಿಪುಲವಾಗಿಯೂ ಇದ್ದು, ಆದ್ಯಂತವಾಗಿ ತಗ್ಗಿದ ಧ್ವನಿಯಲ್ಲಿಯೇ ಸಾಗುವ ಕೃತಿಯೊಂದು ಬೆಳಕಿಗೆ ಬಂದಾಗಲೆಲ್ಲ ವಾಚಕವರ್ಗವು ಎರಡು ಪಕ್ಷವಾಗುತ್ತದೆ. ಇದರಲ್ಲಿ ಏನೂ ನಡೆಯುವುದಿಲ್ಲವೆಂದು ಒಂದು ಪಕ್ಷದವರು ಪುಸ್ತಕವನ್ನು ಮುಚ್ಚಿಡುತ್ತಾರೆ. ನಡೆಯಬೇಕಾದುದೆಲ್ಲವೂ ಒಳಗೇ ನಡೆದಿದೆ, ಅದನ್ನು ಕಾಣುವ ಸಂಸ್ಕಾರ ಬೇಕು ಎಂದು ಮತ್ತೊಂದು ಪಕ್ಷದವರು ಅದನ್ನೇ ಕೊಂಡಾಡುತ್ತಾರೆ. ಮೊದಲನೆಯವರ ದೃಷ್ಟಿಯಲ್ಲಿ ಎರಡನೆಯವರು ಆಡಂಬರಿಗಳು. ಎರಡನೆಯವರ ದೃಷ್ಟಿಯಲ್ಲಿ ಮೊದಲನೆಯವರು ಅರಸಿಕರು. ಹೀಗೆ ವಾದವು ಕೃತಿಯನ್ನು ಬಿಟ್ಟು ವಾಚಕರ ಯೋಗ್ಯತೆಯ ಕಡೆಗೆ ತಿರುಗಿ, ನಿರ್ಣಯವಿಲ್ಲದೆ ನಿಂತುಹೋಗುತ್ತದೆ.

ಇದು ಕೇವಲ ರುಚಿಭೇದದ ಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಏಕೆಂದರೆ ಈ ವಿವಾದವು ತರಗತಿಯ ಕೋಣೆಯನ್ನೂ ಪ್ರವೇಶಿಸುತ್ತದೆ. ಅಲ್ಲಿ ಎರಡು ಪಕ್ಷಗಳು ಸಮಬಲವಾದುವಲ್ಲ. ಒಂದು ಕಡೆ ಅಧ್ಯಾಪಕನ ಅಧಿಕಾರವಿದೆ, ಮತ್ತೊಂದು ಕಡೆ ವಿದ್ಯಾರ್ಥಿಯ ಬೇಸರವಿದೆ. ಪಠ್ಯವಾಗಿ ನಿಯಮಿತವಾದ ಕಾದಂಬರಿಯು ತನಗೆ ಹಿಡಿಸಲಿಲ್ಲವೆಂದು ಹೇಳಿದ ವಿದ್ಯಾರ್ಥಿಗೆ ನೀನು ಅರಸಿಕನೆಂಬ ಉತ್ತರವು ದೊರೆತರೆ, ಅವನು ಆ ಒಂದು ಪುಸ್ತಕವನ್ನಷ್ಟೇ ಬಿಡುವುದಿಲ್ಲ, ಸಾಹಿತ್ಯವನ್ನೇ ಬಿಡುವ ಸಂಭವವುಂಟು.

ಈ ಅಪಾಯವು ಎಲ್ಲೆಡೆಯೂ ಇರುವುದಾದರೂ ವನದುರ್ಗ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಅದು ಹೆಚ್ಚು. ಸುರಪುರದ ನಾಯಕರ ಆಳ್ವಿಕೆಯು 1858ರಲ್ಲಿ ಕೊನೆಗೊಂಡ ಮೇಲೆ ಈ ಸೀಮೆಯು ನಿಜಾಮರ ಅಧೀನವಾಗಿ 1948ರ ವರೆಗೂ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದಿತು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಉರ್ದುವಿಗೇ ಪ್ರಾಧಾನ್ಯ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿದ್ದಿತು. ಮೈಸೂರು, ಧಾರವಾಡಗಳಲ್ಲಿ ಕನ್ನಡ ಕಾದಂಬರಿಯು ಮನೆಮನೆಯ ವಾಚನದ ವಸ್ತುವಾಗುತ್ತಿದ್ದ ಕಾಲದಲ್ಲಿ ಇಲ್ಲಿಯ ಮಕ್ಕಳಿಗೆ ಕನ್ನಡದ ಓದೇ ದುರ್ಲಭವಾಗಿದ್ದಿತು. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1980ರಲ್ಲಿ. ಆದಕಾರಣ ಮನೆಯಲ್ಲಿ ಕಾದಂಬರಿಯನ್ನು ಓದುವ ಪರಿಪಾಠವಿಲ್ಲದೆ, ತಾನೇ ಮೊದಲ ತಲೆಮಾರಿನವನಾಗಿ ತರಗತಿಗೆ ಬಂದು ಕುಳಿತ ವಿದ್ಯಾರ್ಥಿಗೆ ಅರಸಿಕನೆಂಬ ಮಾತು ಉಳಿದವರಿಗಿಂತ ಆಳವಾಗಿ ನಾಟುತ್ತದೆ. ಆ ಮಾತು ನ್ಯಾಯವೇ ಅಲ್ಲವೇ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮೊದಲು ವಿವಾದದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಸುಬ್ಬಣ್ಣ' 1928ರಲ್ಲಿ ಪ್ರಕಟವಾಯಿತು. ಪೌರಾಣಿಕರ ಮನೆಯಲ್ಲಿ ಹುಟ್ಟಿದ ಸಂಗೀತಗಾರನೊಬ್ಬನು ಊರನ್ನು ಬಿಟ್ಟು ಹೋಗಿ, ದುಃಖಗಳನ್ನು ಕಂಡು, ಕ್ರಮೇಣ ಮನಸ್ಸಿನ ಸಮಾಧಾನವನ್ನು ಪಡೆಯುವುದೇ ಅದರ ಕಥೆ. ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರಲ್ಲಿ ಬಂದಿತು. ಅದೇ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರ ಮುಂದಾಳುತನದಲ್ಲಿ ಪ್ರಗತಿಶೀಲ ಸಾಹಿತ್ಯದ ಚಳವಳಿಯು ಬಲಗೊಂಡಿತು. ಹಸಿವು, ಶೋಷಣೆ, ಅನ್ಯಾಯಗಳು ಕಣ್ಣೆದುರಿಗಿರುವಾಗ ಸಾಹಿತಿಯು ಅವುಗಳನ್ನು ಕುರಿತು ಗಟ್ಟಿಯಾಗಿ ಮಾತನಾಡಬೇಕೆಂಬುದು ಆ ಚಳವಳಿಯ ಸಾರ. ತಗ್ಗಿದ ಧ್ವನಿಯ ಕಥನಕ್ಕೆ ಅದರಲ್ಲಿ ಹೆಚ್ಚಿನ ಮನ್ನಣೆಯಿರಲಿಲ್ಲ.

ಶಾಂತಿನಾಥ ದೇಸಾಯಿಯವರ 'ಮುಕ್ತಿ' 1961ರಲ್ಲಿ ಪ್ರಕಟವಾದ ಮೇಲೆ ನವ್ಯ ಕಾದಂಬರಿಯ ಮಾರ್ಗವು ತೆರೆಯಿತು. ವ್ಯಕ್ತಿಯ ಅಂತರಂಗವೇ ಕಥೆಯ ರಂಗಭೂಮಿಯಾಯಿತು. ಹನ್ನೆರಡು ವರ್ಷಗಳ ತರುವಾಯ, 1973ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರು 'ಅಬಚೂರಿನ ಪೋಸ್ಟಾಫೀಸು' ಎಂಬ ಕಥಾಸಂಗ್ರಹದ ಮುನ್ನುಡಿಯಲ್ಲಿ ನವ್ಯಮಾರ್ಗದಿಂದ ತಾವು ಬೇರೆಯಾಗುವುದಾಗಿ ಸಾರಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 'ಸ್ವರೂಪ' ಎಂಬ ನವ್ಯರೀತಿಯ ಕಿರುಕಾದಂಬರಿಯನ್ನು ತಾವೇ ಹಿಂದೆ ಬರೆದಿದ್ದವರು ಅವರು. ಆ ಮಾರ್ಗವನ್ನು ಒಳಗಿನಿಂದ ಬಲ್ಲವರು. 1979ರಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಸಾಹಿತ್ಯವು ಸಮಾಜದ ಹೋರಾಟದೊಡನೆ ನಿಲ್ಲಬೇಕೆಂದು ಬಂಡಾಯ ಸಾಹಿತ್ಯ ಸಂಘಟನೆಯು ಆ ವರ್ಷ ರೂಪುಗೊಂಡಿತು. ಮುಂಬಯಿಯ ಉದ್ಯೋಗಿಯಾದ ನಾಗಪ್ಪನೊಬ್ಬನ ಭಯ ಸಂಶಯಗಳ ಒಳಸುಳಿಯನ್ನೇ ಹಿಂಬಾಲಿಸುವ ಯಶವಂತ ಚಿತ್ತಾಲರ 'ಶಿಕಾರಿ'ಯೂ ಅದೇ ವರ್ಷ ಪ್ರಕಟವಾಯಿತು. ಮುಂದೆ 2013ರಲ್ಲಿ ಬಂದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಎಂಬ ಕಿರುಕಾದಂಬರಿಯು ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಿಗೂ ಹೋಗಿ, ಅದರ ಮುಕ್ತಾಯವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳಿಗೆ ಆಸ್ಪದವಾಯಿತು.

ಈ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಅಂತರ್ಮುಖ ಕಥನವನ್ನು ಆಕ್ಷೇಪಿಸಿದವರಲ್ಲಿ ಅ. ನ. ಕೃ., ತೇಜಸ್ವಿಯವರಂಥ ಸಮರ್ಥ ಲೇಖಕರೇ ಇದ್ದುದರಿಂದ, ಆಕ್ಷೇಪಿಸುವವರೆಲ್ಲ ಅರಸಿಕರೆಂಬ ಮಾತು ನಿಲ್ಲುವುದಿಲ್ಲ. 'ಬೆಟ್ಟದ ಜೀವ'ದಂಥ ಕೃತಿಯು ಎಂಟು ದಶಕಗಳು ಕಳೆದರೂ ಓದಲ್ಪಡುತ್ತಿದ್ದು, 2011ರಲ್ಲಿ ಪಿ. ಶೇಷಾದ್ರಿಯವರಿಂದ ಚಲನಚಿತ್ರವೂ ಆದುದರಿಂದ, ಮೆಚ್ಚುವವರೆಲ್ಲ ಆಡಂಬರಿಗಳೆಂಬ ಮಾತೂ ನಿಲ್ಲುವುದಿಲ್ಲ. ಹಾಗಾದರೆ ಮತಭೇದದ ಮೂಲವನ್ನು ಬೇರೆಡೆಯಲ್ಲಿ ಹುಡುಕಬೇಕಾಗುತ್ತದೆ.

3

ಈ ಪ್ರಶ್ನೆಯು ಕಾದಂಬರಿಯೊಡನೆ ಹುಟ್ಟಿದುದಲ್ಲ. ಶಾಂತವು ರಸವೇ ಅಲ್ಲವೇ ಎಂದು ಸಂಸ್ಕೃತ ಆಲಂಕಾರಿಕರು ನಡೆಸಿದ ವಾದದಲ್ಲಿ ಇದರ ಪೂರ್ವರೂಪವು ದೊರೆಯುತ್ತದೆ. ಭರತನ ನಾಟ್ಯಶಾಸ್ತ್ರದ ಬಹುಮಾನ್ಯವಾದ ಪಾಠದಲ್ಲಿ ಹೇಳಿರುವ ರಸಗಳು ಎಂಟು. ಒಂಬತ್ತನೆಯದಾಗಿ ಶಾಂತವನ್ನು ಸೇರಿಸಬೇಕೆಂದು ಕೆಲವರು, ಕೂಡದೆಂದು ಕೆಲವರು. ಹತ್ತನೆಯ ಶತಮಾನದಲ್ಲಿ ದಶರೂಪಕವನ್ನು ರಚಿಸಿದ ಧನಂಜಯನು ನಾಟ್ಯದಲ್ಲಿ ಶಾಂತಕ್ಕೆ ಪುಷ್ಟಿಯಿಲ್ಲವೆಂದನು. ಶಮವೆಂದರೆ ಸಕಲ ವ್ಯಾಪಾರಗಳ ಉಪರಮ; ವ್ಯಾಪಾರವೇ ಇಲ್ಲದುದನ್ನು ಅಭಿನಯಿಸಿ ತೋರಿಸುವುದು ಹೇಗೆ ಎಂಬುದು ಆ ಪಕ್ಷದ ಯುಕ್ತಿ. ಕಾದಂಬರಿಯಲ್ಲಿ ಏನೂ ನಡೆಯುವುದಿಲ್ಲವೆನ್ನುವ ಇಂದಿನ ವಾಚಕನು ತಿಳಿಯದೆಯೇ ಇದೇ ಯುಕ್ತಿಯನ್ನು ಹೇಳುತ್ತಿದ್ದಾನೆ. ಶಾಂತವು ಎಲ್ಲರ ಹೃದಯಕ್ಕೂ ಒಪ್ಪುವುದಿಲ್ಲ, ಆದುದರಿಂದ ಅದು ರಸವಲ್ಲ ಎಂಬ ಮತ್ತೊಂದು ಆಕ್ಷೇಪವೂ ಆಗಲೇ ಇದ್ದಿತು.

ಒಂಬತ್ತನೆಯ ಶತಮಾನದ ಆನಂದವರ್ಧನನು ಎರಡನೆಯ ಆಕ್ಷೇಪಕ್ಕೆ ಸಮಾಧಾನವನ್ನು ಹೇಳಿದ್ದಾನೆ. ಒಂದು ಚಿತ್ತವೃತ್ತಿಯು ಸರ್ವಜನರ ಅನುಭವಕ್ಕೂ ಬರುವುದಿಲ್ಲವೆಂಬ ಮಾತ್ರಕ್ಕೆ ಅದನ್ನು ನಿರಾಕರಿಸಲಾಗದೆಂಬುದು ಅವನ ಅಭಿಪ್ರಾಯ. ಮಹಾಭಾರತದ ಪ್ರಧಾನ ರಸವೇ ಶಾಂತವೆಂದು ಪ್ರತಿಪಾದಿಸಿದವನೂ ಅವನೇ. ಅವನ ಗ್ರಂಥಕ್ಕೆ 'ಲೋಚನ' ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದನು. ಎಲ್ಲರೂ ಮೆಚ್ಚುವುದಿಲ್ಲವೆಂದು ಶಾಂತವನ್ನು ಬಿಡುವುದಾದರೆ, ವೀತರಾಗರಾದವರು ಶೃಂಗಾರವನ್ನು ಮೆಚ್ಚುವುದಿಲ್ಲವಾದ್ದರಿಂದ ಶೃಂಗಾರವನ್ನೂ ಬಿಡಬೇಕಾದೀತೆಂದು ಅವನು ಪ್ರತಿಬಂದಿಯನ್ನು ಒಡ್ಡುತ್ತಾನೆ. ಮೊದಲನೆಯ ಆಕ್ಷೇಪಕ್ಕೂ ಅವನ ಉತ್ತರವುಂಟು. ವ್ಯಾಪಾರಗಳೆಲ್ಲ ನಿಲ್ಲುವುದು ಶಮದ ಪರ್ಯಂತಭೂಮಿಯಲ್ಲಿ ಮಾತ್ರ. ಅದಕ್ಕಿಂತ ಪೂರ್ವದ ಅವಸ್ಥೆಗಳಲ್ಲಿ ಯಮನಿಯಮಾದಿಗಳೂ, ಜನಕಾದಿಗಳಲ್ಲಿ ರಾಜ್ಯಪಾಲನೆಯೂ ಕಂಡುಬರುತ್ತವೆ. ಹೀಗೆ ಶಾಂತಕ್ಕೂ ಕಾಣುವ ಅನುಭಾವಗಳಿವೆಯೆಂದು ಅವನು ಸ್ಥಾಪಿಸುತ್ತಾನೆ.

ಈ ಉತ್ತರದಲ್ಲಿ ಒಂದು ನಿಬಂಧನೆಯು ಅಡಗಿದೆ. ಮೌನವೇ ರಸವೆಂದು ಅಭಿನವಗುಪ್ತನು ಹೇಳಲಿಲ್ಲ. ಮೌನಕ್ಕೆ ಕರೆದೊಯ್ಯುವ ದಾರಿಯಲ್ಲಿ ಕಾಣುವ ವ್ಯಾಪಾರಗಳಿರುವುದರಿಂದ ಅದು ರಸವೆಂದು ಹೇಳಿದನು. ಆದುದರಿಂದ ಅಂತರ್ಮುಖ ಕಥನವನ್ನು ಸಮರ್ಥಿಸುವವರು ಈ ಸಿದ್ಧಾಂತವನ್ನು ಆಶ್ರಯಿಸುವುದಾದರೆ, ಅದರ ನಿಬಂಧನೆಯನ್ನೂ ಒಪ್ಪಬೇಕಾಗುತ್ತದೆ. ಒಳಗೆ ನಡೆಯುತ್ತಿದೆಯೆಂದು ಹೇಳಿದರೆ ಸಾಲದು. ಒಳಗಿನ ನಡೆಯು ಹೊರಗೆ ಯಾವ ಗುರುತಿನಿಂದ ಕಾಣುತ್ತಿದೆಯೆಂಬುದನ್ನೂ ತೋರಿಸಬೇಕು.

4

ರಸಾಸ್ವಾದವು ಒಬ್ಬನಿಗೆ ಆಗಿ ಮತ್ತೊಬ್ಬನಿಗೆ ಆಗದಿರುವುದಕ್ಕೆ ಕಾರಣಗಳನ್ನು ಅಭಿನವಗುಪ್ತನು ತನ್ನ ನಾಟ್ಯಶಾಸ್ತ್ರವ್ಯಾಖ್ಯಾನದಲ್ಲಿ ವಿಘ್ನಗಳೆಂಬ ಹೆಸರಿನಿಂದ ಎಣಿಸಿದ್ದಾನೆ. ಅವು ಏಳು. ಸಂಭಾವನಾವಿರಹ, ಎಂದರೆ ಹೀಗೆ ನಡೆದೀತೆಂಬ ನಂಬಿಕೆಯೇ ಹುಟ್ಟದಿರುವುದು, ಮೊದಲನೆಯದು. ಇದು ನನ್ನದು, ಇದು ಪರರದು ಎಂಬ ದೇಶಕಾಲಗಳ ಕಟ್ಟಿನಲ್ಲಿಯೇ ಮನಸ್ಸು ಸಿಕ್ಕಿಕೊಂಡಿರುವುದು ಎರಡನೆಯದು. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಮೂರನೆಯದು. ಭಾವವನ್ನು ತಿಳಿಸುವ ಸಾಧನಗಳು ಕೊರತೆಯಾಗಿರುವುದು ನಾಲ್ಕನೆಯದು. ತಿಳಿಸಿದರೂ ಸ್ಫುಟವಾಗದಿರುವುದು ಐದನೆಯದು. ಪ್ರಧಾನವಾದ ಭಾವವು ಅಪ್ರಧಾನಗಳ ನಡುವೆ ಮರೆಯಾಗುವುದು ಆರನೆಯದು. ಕಾಣುವ ಗುರುತು ಯಾವ ಭಾವದ್ದೆಂಬ ಸಂಶಯವು ಏಳನೆಯದು.

ಈ ಗಣನೆಯನ್ನು ಪರ್ಯಾಲೋಚಿಸಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಏಳರಲ್ಲಿ ಎರಡು ಮಾತ್ರ, ಎಂದರೆ ಎರಡನೆಯದೂ ಮೂರನೆಯದೂ, ಮುಖ್ಯವಾಗಿ ಸಾಮಾಜಿಕನನ್ನು ಆಶ್ರಯಿಸಿದುವು. ಉಳಿದ ಐದೂ ಮುಖ್ಯವಾಗಿ ಕೃತಿಯನ್ನೋ ಅದರ ಪ್ರಯೋಗವನ್ನೋ ಆಶ್ರಯಿಸಿದುವು. ಆದಕಾರಣ ವಾಚಕನೊಬ್ಬನು ತನಗೆ ರಸ ದೊರೆಯಲಿಲ್ಲವೆಂದಾಗ ದೋಷವು ಅವನಲ್ಲಿಯೇ ಇರಬೇಕೆಂದು ಮೊದಲೇ ನಿಶ್ಚಯಿಸುವುದು ಶಾಸ್ತ್ರಸಮ್ಮತವಲ್ಲ. ಐದು ವಿಘ್ನಗಳನ್ನು ಕೃತಿಯಲ್ಲಿ ಶೋಧಿಸಿ, ಅವು ಇಲ್ಲವೆಂದು ಸಿದ್ಧವಾದ ಬಳಿಕವೇ ವಾಚಕನ ಕಡೆಗೆ ತಿರುಗತಕ್ಕದ್ದು. ಹಾಗೆ ತಿರುಗಿದಾಗಲೂ, ಮುಂದೆ ತೋರಿಸುವಂತೆ, ಶಾಸ್ತ್ರವು ವಾಚಕನನ್ನು ನಿಂದಿಸುವುದಿಲ್ಲ, ಪರಿಹಾರವನ್ನು ಹೇಳುತ್ತದೆ.

5

ಈ ಕ್ರಮವನ್ನು ಮೂರು ಕೃತಿಗಳಿಗೆ ಅನ್ವಯಿಸಿ ನೋಡಬಹುದು.

'ಬೆಟ್ಟದ ಜೀವ'ದ ಕಥಾವಸ್ತುವು ಅತ್ಯಲ್ಪ. ಸುಬ್ರಹ್ಮಣ್ಯದ ಸೀಮೆಯಲ್ಲಿ ದಾರಿತಪ್ಪಿದ ಪ್ರಯಾಣಿಕನೊಬ್ಬನು ಕಾಡಿನ ನಡುವಣ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆಗೆ ಬಂದು ಕೆಲವು ದಿನ ಉಳಿಯುತ್ತಾನೆ. ಅವರ ಮಗ ಶಂಭು ಮನೆಬಿಟ್ಟು ಹೋಗಿ ವರ್ಷಗಳಾಗಿವೆ. ಮಗನು ಹಿಂದಿರುಗಿದ ಸಂತೋಷದಲ್ಲಿ ಕಥೆಯು ಮುಗಿಯುವುದಿಲ್ಲ. ಹುಲಿಯ ಪ್ರಸಂಗವೊಂದುಂಟಾದರೂ ಕಥೆಯು ಅದರ ಮೇಲೆ ನಿಂತಿಲ್ಲ. ಇಲ್ಲಿ ಏನೂ ನಡೆಯುವುದಿಲ್ಲವೆಂಬ ಆಕ್ಷೇಪಕ್ಕೆ ಮೇಲ್ನೋಟಕ್ಕೆ ಅವಕಾಶವಿದೆ. ಆದರೆ ಶೋಧಿಸಿ ನೋಡಿದರೆ ಐದು ವಿಘ್ನಗಳಲ್ಲಿ ಒಂದೂ ಕಾಣುವುದಿಲ್ಲ. ಕಾಡು, ತೋಟ, ಬೆಟ್ಟಗಳ ವಿಭಾವವು ಪುಷ್ಕಳವಾಗಿದೆ. ಮಗನನ್ನು ಕುರಿತ ದುಃಖವನ್ನು ಗೋಪಾಲಯ್ಯನು ಹೇಳಿಕೊಂಡು ತಿರುಗುವುದಿಲ್ಲ. ಅತಿಥಿಯನ್ನು ಹೊರಡಗೊಡದೆ ತಡೆಯುವುದರಲ್ಲಿ, ಅವನಿಗೆ ಬಡಿಸುವುದರಲ್ಲಿ, ಬೆಟ್ಟವನ್ನು ಹತ್ತಿಸಿ ತೋರಿಸುವುದರಲ್ಲಿ, ನಗೆಮಾತಿನಲ್ಲಿ ಆ ದುಃಖವು ಕಾಣಿಸಿಕೊಳ್ಳುತ್ತದೆ. ಬಂದವನು ಯಾರೇ ಆಗಲಿ, ಅವನಿಗೆ ಸಲ್ಲುವ ಆದರದಲ್ಲಿ ಬಾರದ ಮಗನ ಪಾಲೂ ಸೇರಿದೆ. ಅನುಭಾವವೆಂದರೆ ಇದೇ. ಆದುದರಿಂದ ಈ ಕೃತಿಯ ವಿಷಯದಲ್ಲಿ ಸಮರ್ಥಕರ ಪಕ್ಷವೇ ಪ್ರಬಲ.

'ಮುಕ್ತಿ'ಯ ವಿಷಯದಲ್ಲಿ ನಿರ್ಣಯವು ಇಷ್ಟು ಸುಲಭವಲ್ಲ. ಗೌರೀಶನೆಂಬ ತರುಣನ ಆತ್ಮಶೋಧನೆಯೇ ಇದರ ವಸ್ತು. ಕನ್ನಡದಲ್ಲಿ ಅದುವರೆಗೆ ಹೇಳಲು ಸಂಕೋಚಪಡುತ್ತಿದ್ದ ಮನೋವೃತ್ತಿಗಳನ್ನು ನಿರ್ಭೀತಿಯಿಂದ ಪರೀಕ್ಷಿಸಿದ ಕೀರ್ತಿಯು ಈ ಕೃತಿಗೆ ಸಲ್ಲತಕ್ಕದ್ದು. ಇತರ ಪಾತ್ರಗಳು ಗೌರೀಶನನ್ನು ತಾಕಿ ಕದಲಿಸುವ ಎಡೆಗಳಲ್ಲಿ ಕಥನವು ಜೀವಂತವಾಗಿದೆ. ಆದರೆ ಮನಸ್ಸು ತನ್ನನ್ನು ತಾನೇ ವಿಶ್ಲೇಷಿಸಿ, ತನ್ನ ಭಾವಕ್ಕೆ ತಾನೇ ಹೆಸರಿಟ್ಟು ಮುಂದೆ ಹೋಗುವ ಎಡೆಗಳಲ್ಲಿ ವಾಚಕನಿಗೆ ಮಾಡಲು ಏನೂ ಉಳಿಯುವುದಿಲ್ಲ. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಸ್ವಶಬ್ದವಾಚ್ಯತೆಯೆಂದು ಕರೆದು ಮಮ್ಮಟನು ರಸದೋಷಗಳಲ್ಲಿ ಸೇರಿಸಿದ್ದಾನೆ. ನಾಯಕನು ನಾಚಿದನೆಂದು ಹೇಳಿದರೆ ನಾಚಿಕೆಯು ತಿಳಿಯುತ್ತದೆಯೇ ಹೊರತು ಆಸ್ವಾದ್ಯವಾಗುವುದಿಲ್ಲ; ತಗ್ಗಿದ ಮುಖವನ್ನು ತೋರಿಸಿದರೆ ಆಸ್ವಾದ್ಯವಾಗುತ್ತದೆ. ಅಂತರ್ಮುಖ ಕಾದಂಬರಿಗೆ ಈ ದೋಷವು ವಿಶೇಷವಾಗಿ ತಗಲುವ ಭಯವುಂಟು. ಪಾತ್ರವು ತನ್ನೊಡನೆ ತಾನೇ ಮಾತನಾಡುವುದರಿಂದ ಶೂನ್ಯತೆ, ಒಂಟಿತನ, ಭೀತಿ ಎಂಬ ಹೆಸರುಗಳು ಅದರ ಬಾಯಿಗೆ ಬಹು ಬೇಗ ಬರುತ್ತವೆ. 'ಮುಕ್ತಿ'ಯಲ್ಲಿ ಇದು ಅಲ್ಲಲ್ಲಿ ಮಾತ್ರ. ಅದರ ದಾರಿಯನ್ನು ಹಿಡಿದು ಬಂದ ಸಾಮಾನ್ಯ ಕೃತಿಗಳಲ್ಲಿ ಇದು ಮುಖ್ಯ ಲಕ್ಷಣವೇ ಆಯಿತು. ಅಂಥ ಕೃತಿಗಳನ್ನು ಓದಿ ಬೇಸತ್ತ ವಾಚಕನು ಅರಸಿಕನಲ್ಲ. ನಾಲ್ಕನೆಯ ಐದನೆಯ ವಿಘ್ನಗಳು ಅಲ್ಲಿ ನಿಜವಾಗಿಯೂ ಇವೆ. ಅವುಗಳ ಹೆಸರನ್ನು ಅರಿಯದಿದ್ದರೂ ಅವುಗಳ ಬಾಧೆಯನ್ನು ಅವನು ಸರಿಯಾಗಿಯೇ ಅರಿತಿದ್ದಾನೆ.

'ಘಾಚರ್ ಘೋಚರ್' ಏಳನೆಯ ವಿಘ್ನವನ್ನು ವಿಚಾರಿಸಲು ಯೋಗ್ಯವಾದ ಉದಾಹರಣೆ. ಹೆಸರು ಹೇಳದ ನಿರೂಪಕನು ಬೆಂಗಳೂರಿನ ಕಾಫಿಹೌಸಿನಲ್ಲಿ ಕುಳಿತು ತನ್ನ ಮನೆಯ ಕಥೆಯನ್ನು ನೆನೆಯುತ್ತಾನೆ. ಬಡತನದಲ್ಲಿದ್ದ ಕುಟುಂಬವು ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಹಣವಂತವಾಗಿದೆ. ಹಣದೊಡನೆ ಕ್ರೌರ್ಯವೂ ಮನೆಯನ್ನು ಸೇರಿದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬಾಗಿಲಿನಿಂದಲೇ ಬಯ್ದು ಅಟ್ಟುತ್ತಾರೆ. ಅದನ್ನು ಸಹಿಸದೆ ಮಾತನಾಡುವವಳು ನಿರೂಪಕನ ಹೆಂಡತಿಯಾದ ಅನಿತೆ. ಊರಿಗೆ ಹೋದ ಅವಳಿಗೆ ಕೊನೆಗೆ ಏನಾಯಿತೆಂಬುದನ್ನು ಗ್ರಂಥಕಾರರು ಬಿಡಿಸಿ ಹೇಳಿಲ್ಲ. ಹೇಳದೆ ಬಿಟ್ಟುದು ವಂಚನೆಯೆಂದು ಕೆಲವರು; ಅದೇ ಅದರ ಬಲವೆಂದು ಕೆಲವರು.

ಇಲ್ಲಿ ಸಂಶಯದ ಸ್ವರೂಪವನ್ನು ವಿವೇಚಿಸಬೇಕು. ಅಭಿನವಗುಪ್ತನು ವಿಘ್ನವೆಂದು ಕರೆದುದು ಭಾವವಿಷಯಕವಾದ ಸಂಶಯವನ್ನು. ಕಣ್ಣೀರು ಆನಂದದಿಂದಲೂ ಬರುತ್ತದೆ, ಶೋಕದಿಂದಲೂ ಬರುತ್ತದೆ, ಕಣ್ಣಿನ ಬೇನೆಯಿಂದಲೂ ಬರುತ್ತದೆ. ಇದು ಯಾವುದರದೆಂದು ತಿಳಿಯದಿದ್ದರೆ ರಸವಿಲ್ಲ. ಪ್ರಕೃತ ಕೃತಿಯಲ್ಲಿ ಸಂಶಯವಿರುವುದು ಘಟನಾವಿಷಯದಲ್ಲಿ. ಭಾವವಿಷಯದಲ್ಲಿ ಲೇಶವೂ ಸಂಶಯವಿಲ್ಲ. ನಿರೂಪಕನನ್ನು ಹಿಡಿದಿರುವುದು ಭಯ, ಮತ್ತು ಆ ಭಯಕ್ಕೆ ತಾನೂ ಕಾರಣನೆಂಬ ಅಳುಕು. ಹಳೆಯ ಮನೆಯಲ್ಲಿ ಇರುವೆಗಳೊಡನೆ ನಡೆದ ಹೋರಾಟದಿಂದ ಮೊದಲುಗೊಂಡು ಕೊನೆಯ ಪುಟದವರೆಗೆ ಎಲ್ಲ ಗುರುತುಗಳೂ ಆ ಒಂದೇ ಕಡೆಗೆ ಬೆರಳು ಮಾಡುತ್ತವೆ. ಆದುದರಿಂದ ಅನಿತೆಗೆ ಏನಾಯಿತೆಂದು ಕೇಳುವ ವಾಚಕನ ಕುತೂಹಲವು ಸಹಜವಾದುದಾದರೂ, ಅದು ತೀರಲಿಲ್ಲವೆಂಬುದು ಕೃತಿಯ ದೋಷವಲ್ಲ. ಘಟನೆಯನ್ನು ಮರೆಸಿದ ಕೃತಿಗೂ ಭಾವವನ್ನೇ ಮರೆಸಿದ ಕೃತಿಗೂ ಇರುವ ಈ ಭೇದವನ್ನು ಎರಡು ಪಕ್ಷದವರೂ ಗಮನಿಸಿದರೆ ಅರ್ಧ ವಿವಾದವು ತಾನಾಗಿಯೇ ಶಾಂತವಾದೀತು.

6

ಇನ್ನು ವಾಚಕಾಶ್ರಿತವಾದ ವಿಘ್ನಗಳು. ಕೃತಿಯು ನಿರ್ದುಷ್ಟವೆಂದು ಸಿದ್ಧವಾದ ಮೇಲೂ ವಾಚಕನು ಅದನ್ನು ಪ್ರವೇಶಿಸಲಾರದಿದ್ದರೆ ಏನು ಮಾಡತಕ್ಕದ್ದು? ನಗರವಾಸಿಗಳಾದ ಕೆಲವು ವಿದ್ವಾಂಸರಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದುಂಟು. ಗ್ರಾಮೀಣ ವಾಚಕನು ಕಥೆಯನ್ನೂ ಗದ್ದಲವನ್ನೂ ಬಯಸುವವನು, ಅಂತರ್ಮುಖತೆಯು ಅವನಿಗೆ ಒಗ್ಗದು ಎಂಬುದೇ ಆ ಉತ್ತರ. ವನದುರ್ಗದ ಸುತ್ತಲಿನ ಸೀಮೆಯನ್ನು ನೋಡಿದವರಿಗೆ ಈ ಮಾತು ಸತ್ಯವಲ್ಲವೆಂದು ತಿಳಿಯುತ್ತದೆ.

ತನ್ನ ಮನಸ್ಸನ್ನು ತಾನೇ ವಿಚಾರಣೆಗೆ ಗುರಿಮಾಡುವ ಸಾಹಿತ್ಯವು ಈ ನೆಲದ ಹಳೆಯ ಸ್ವತ್ತು. ರಾಮನಾಥನ ಅಂಕಿತದಲ್ಲಿ ವಚನಗಳನ್ನು ರಚಿಸಿದ ದಾಸಿಮಯ್ಯನ ಊರೆಂದು ಹೇಳುವ ಮುದನೂರು ಸುರಪುರ ಸೀಮೆಯದು. ಹಿಂದೂ ಮುಸಲ್ಮಾನ ಭಕ್ತರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ತಿಂಥಣಿಯೂ, ಗೂಢಾರ್ಥದ ವಚನಗಳಿಗೂ ಕಾಲಜ್ಞಾನಕ್ಕೂ ಪ್ರಸಿದ್ಧನಾದ ಕೊಡೇಕಲ್ಲ ಬಸವಣ್ಣನ ಕ್ಷೇತ್ರವೂ ಇಲ್ಲಿಯವೇ. ತತ್ವಪದಗಳ ಕಡಕೋಳದ ಮಡಿವಾಳಪ್ಪನ ಊರೂ ನೆರೆಯಲ್ಲಿಯೇ ಇದೆ. ಓದು ಬರಹ ಅರಿಯದ ಕೃಷಿಕರೂ ಕೂಲಿಕಾರರೂ ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯೆಲ್ಲ ತತ್ವಪದಗಳನ್ನು ಹಾಡಿ ಕೇಳುವುದುಂಟು. ಆ ಪದಗಳಲ್ಲಿ ಕಥೆಯಿಲ್ಲ, ಘಟನೆಯಿಲ್ಲ. ದೇಹ, ಮನಸ್ಸು, ಗುರು, ಮರಣಗಳ ಚಿಂತನೆಯೇ ಇರುವುದು. ಅರ್ಥವೂ ಬಹುಕಡೆ ಸುಲಭವಲ್ಲ. ಆದರೂ ಏನೂ ನಡೆಯಲಿಲ್ಲವೆಂದು ಯಾರೂ ಎದ್ದುಹೋಗುವುದಿಲ್ಲ. ಇಲ್ಲಿಂದ ಬಹು ದೂರವಿಲ್ಲದ ಮಳಖೇಡವು ಹಿಂದೆ ಮಾನ್ಯಖೇಟವಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಜನರು ಶಾಸ್ತ್ರವನ್ನು ಓದದೆಯೂ ಕಾವ್ಯದಲ್ಲಿ ಪರಿಣತರೆಂದು ಹೊಗಳಿದುದು ಅತ್ಯುಕ್ತಿಯಲ್ಲವೆಂಬುದಕ್ಕೆ ಆ ಭಜನೆಯ ಸಭೆಗಳೇ ಸಾಕ್ಷಿ.

ಹಾಗಾದರೆ ಅದೇ ಮನೆಯಿಂದ ಬಂದ ವಿದ್ಯಾರ್ಥಿಯು ಅಂತರ್ಮುಖ ಕಾದಂಬರಿಯೆದುರಿಗೆ ಬೇಸರಪಡುವುದೇಕೆ? ಭೇದವಿರುವುದು ವಸ್ತುವಿನಲ್ಲಿ ಅಲ್ಲ, ಗ್ರಹಣದ ರೀತಿಯಲ್ಲಿ. ತತ್ವಪದವನ್ನು ಒಬ್ಬನೇ ಕೇಳುವುದಿಲ್ಲ. ಹಾಡುವ ಕಂಠವುಂಟು, ನಾದವುಂಟು, ಜೊತೆಗೆ ಕುಳಿತವರುಂಟು, ತಿಳಿಯದ ಎಡೆಯಲ್ಲಿ ಅರ್ಥವನ್ನು ಬಿಡಿಸಿ ಹೇಳುವ ಹಿರಿಯನುಂಟು. ಶ್ರಾವಣಮಾಸದಲ್ಲಿ ಮಠಗಳಲ್ಲಿ ನಡೆಯುವ ಪುರಾಣಪ್ರವಚನಗಳ ರೀತಿಯೂ ಹೀಗೆಯೇ. ಕಾದಂಬರಿಯಾದರೋ ಒಬ್ಬನೇ ಕುಳಿತು ಮೌನವಾಗಿ ಓದತಕ್ಕದ್ದು. ಅದರ ವಸ್ತುವೂ ಮೌನವಾದರೆ, ವಾಚಕನಿಗೆ ಆಧಾರವಾಗಿ ಅವನ ಸ್ವಂತ ಅಭ್ಯಾಸದ ಹೊರತು ಬೇರೇನೂ ಇಲ್ಲ. ಆ ಅಭ್ಯಾಸವೇ ಇನ್ನೂ ಬಾರದವನು ಪುಸ್ತಕವನ್ನು ಮುಚ್ಚಿಟ್ಟರೆ ಆಶ್ಚರ್ಯವಿಲ್ಲ.

ಮೂರನೆಯ ವಿಘ್ನಕ್ಕೆ ಅಭಿನವಗುಪ್ತನು ಹೇಳುವ ಪರಿಹಾರವು ಇಲ್ಲಿ ಅತ್ಯಂತ ಉಪಯುಕ್ತವಾದುದು. ಸ್ವಂತ ಸುಖದುಃಖಗಳಲ್ಲಿ ಮುಳುಗಿದವನ ಮನಸ್ಸನ್ನು ಬಿಡಿಸುವುದಕ್ಕಾಗಿಯೇ ನಾಟ್ಯದಲ್ಲಿ ಗೀತವಾದ್ಯಾದಿಗಳ ವಿನಿಯೋಗವಿದೆಯೆಂದೂ, ಅವುಗಳಿಂದ ಅಹೃದಯನೂ ಹೃದಯನೈರ್ಮಲ್ಯವನ್ನು ಪಡೆದು ಸಹೃದಯನಾಗುತ್ತಾನೆಂದೂ ಅವನು ಹೇಳುತ್ತಾನೆ. ಸಹೃದಯತ್ವವು ಕೆಲವರಿಗೆ ಹುಟ್ಟಿನಿಂದ ಬಂದು ಉಳಿದವರಿಗೆ ನಿಷಿದ್ಧವಾದ ಸಂಪತ್ತೆಂಬ ಭಾವನೆಗೆ ಇಲ್ಲಿ ಎಡೆಯೇ ಇಲ್ಲ. ಅದು ಸಾಧನದಿಂದ ಉಂಟಾಗತಕ್ಕದ್ದು. ನಾಟ್ಯದಲ್ಲಿ ಗೀತವಾದ್ಯಗಳು ಮಾಡುವ ಕಾರ್ಯವನ್ನು ತರಗತಿಯಲ್ಲಿ ಅಧ್ಯಾಪಕನ ಕಂಠವು ಮಾಡಬೇಕು. 'ಬೆಟ್ಟದ ಜೀವ'ದ ಸಾರಾಂಶವನ್ನು ಬರೆಯಿಸುವುದರಿಂದ ಪ್ರಯೋಜನವಿಲ್ಲ; ಸಾರಾಂಶದಲ್ಲಿ ನಿಜವಾಗಿಯೂ ಏನೂ ನಡೆಯುವುದಿಲ್ಲ. ಒಂದು ಪ್ರಕರಣವನ್ನು ನಿಧಾನವಾಗಿ ಗಟ್ಟಿಯಾಗಿ ಓದಿ, ಶಂಕರಮ್ಮನ ಮಾತು ಎಲ್ಲಿ ನಿಂತಿತು, ಗೋಪಾಲಯ್ಯನ ನಗೆಯು ಯಾವ ಮಾತಿನ ಬಳಿಕ ಬಂದಿತು ಎಂದು ಕೇಳಿದರೆ ವಿದ್ಯಾರ್ಥಿಗಳು ತಾವೇ ಉತ್ತರವನ್ನು ಹೇಳುವರು.

ಅವರಿಗೆ ಆ ಉತ್ತರವು ಹೊಳೆಯುವುದಕ್ಕೆ ಬೇಕಾದ ವಾಸನೆಯೂ ಇಲ್ಲದಿಲ್ಲ. ಈ ಸೀಮೆಯ ಹಳ್ಳಿಗಳಿಂದ ಕುಟುಂಬಗಳು ಕೂಲಿಯನ್ನರಸಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದುಂಟು. ಊರಿನಲ್ಲಿ ಮನೆ ಕಾಯುತ್ತ ಉಳಿಯುವವರು ಬಹುಮಟ್ಟಿಗೆ ವೃದ್ಧರು. ದೂರ ಹೋದ ಮಗನನ್ನು ನಿರೀಕ್ಷಿಸುವ ಮುದುಕರ ಮನೆಯು ಹೇಗಿರುತ್ತದೆಂಬುದನ್ನು ಈ ವಿದ್ಯಾರ್ಥಿಗಳಿಗೆ ಯಾರೂ ಕಲಿಸಬೇಕಾದುದಿಲ್ಲ. ಆ ಅನುಭವವೇ ಮೊದಲು ವಿಘ್ನವೂ ಆದೀತು; ತನ್ನ ಮನೆಯ ಚಿಂತೆಯಲ್ಲಿರುವವನಿಗೆ ಪರರ ಮನೆಯ ಕಥೆಯು ಬೇಡವೆನಿಸೀತು. ಆದರೆ ಜೊತೆಗೂಡಿ ಓದಿ, ಮಾತನಾಡಿ, ಆ ದುಃಖವು ತನ್ನೊಬ್ಬನದಲ್ಲವೆಂದು ಕಂಡಾಗ ಅದೇ ಅನುಭವವು ಸಾಧಾರಣೀಕರಣಗೊಂಡು ರಸಕ್ಕೆ ಕಾರಣವಾಗುತ್ತದೆ. ಕೆಳಬೈಲಿನ ಗೋಪಾಲಯ್ಯನನ್ನು ವನದುರ್ಗದ ವಿದ್ಯಾರ್ಥಿಯು ಅರಿತುಕೊಳ್ಳಲಾರನೆಂದು ಭಾವಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಒಟ್ಟಿನಲ್ಲಿ, ಅಂತರ್ಮುಖ ಕಥನವನ್ನು ಕುರಿತ ಮತಭೇದದಲ್ಲಿ ಎರಡು ಪಕ್ಷಗಳಿಗೂ ಒಂದೊಂದು ಋಣವುಂಟು. ಆಕ್ಷೇಪಿಸುವವರು ಏನೂ ನಡೆಯುವುದಿಲ್ಲವೆಂದಷ್ಟೇ ಹೇಳಿ ನಿಲ್ಲದೆ, ತಮಗೆ ಅಡ್ಡಿಯಾದುದು ಏಳರಲ್ಲಿ ಯಾವುದೆಂಬುದನ್ನು ಕೃತಿಯಲ್ಲಿ ತೋರಿಸಬೇಕು. ಮೆಚ್ಚುವವರು ಕೃತಿಯ ಗುಣವನ್ನು ಗುರುತುಗಳ ಮೂಲಕ ತೋರಿಸಬೇಕು. ತೋರಿಸಲಾರದಿದ್ದರೆ, ಬೇಸರಗೊಂಡವನ ಮಾತು ಸರಿಯಿರಬಹುದೆಂದು ಒಪ್ಪಬೇಕು. ಅಧ್ಯಾಪಕರಾದವರ ಹೊಣೆಯು ಇವೆರಡಕ್ಕಿಂತ ಹೆಚ್ಚಿನದು. ತರಗತಿಯಲ್ಲಿ ಬೇಸರವನ್ನು ಹೇಳಿಕೊಂಡ ವಿದ್ಯಾರ್ಥಿಯು ಪರೀಕ್ಷೆಗೆ ಯೋಗ್ಯವಾದ ಪೂರ್ವಪಕ್ಷವನ್ನು ಮುಂದಿಟ್ಟಿದ್ದಾನೆ. ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳದೆ ಸಿದ್ಧಾಂತವನ್ನು ಹೇಳುವುದು ಯಾವ ಶಾಸ್ತ್ರದಲ್ಲಿಯೂ ಇಲ್ಲ.